ಸಿಲಿಕಾನ್ ಸೌರಕೋಶಗಳ ದಕ್ಷತಾವರ್ಧನೆ

ಸಿಲಿಕಾನ್ ಸೌರಕೋಶಗಳ ದಕ್ಷತಾವರ್ಧನೆ ಎಂಬುದು ಕೋಶದ ಮೇಲೆ ಬೀಳುವ ಬಿಸಿಲಿನ ಶಕ್ತಿಯಲ್ಲಿ ವಿದ್ಯುತ್ತಾಗಿ ಹೊರಬರುವ ಪಾಲನ್ನು ಹೆಚ್ಚಿಸಲು ಬಳಸುವ ಭೌತಿಕ, ರಾಸಾಯನಿಕ ಮತ್ತು ತಯಾರಿಕಾ ವಿಧಾನಗಳ ಒಟ್ಟು ಹೆಸರು. 1954ರಲ್ಲಿ ಶೇ. 6ರಷ್ಟಿದ್ದ ಈ ಪಾಲು ಈಗ ಪ್ರಯೋಗಾಲಯದ ಉತ್ತಮ ಕೋಶಗಳಲ್ಲಿ ಶೇ. 27ನ್ನು ದಾಟಿದೆ. ಈ ಏರಿಕೆಗೆ ಒಂದೇ ಒಂದು ದೊಡ್ಡ ಆವಿಷ್ಕಾರ ಕಾರಣವಲ್ಲ. ಕೋಶದೊಳಗೆ ಶಕ್ತಿ ಎಲ್ಲೆಲ್ಲಿ ಸೋರುತ್ತದೆ ಎಂದು ಪತ್ತೆಹಚ್ಚಿ ಒಂದೊಂದೇ ಸೋರಿಕೆಯನ್ನು ಮುಚ್ಚುತ್ತ ಬಂದುದರ ಫಲ ಅದು. ಮೊದಲು ಬೆಳಕಿನ ನಷ್ಟ, ಅನಂತರ ಸ್ಫಟಿಕದ ದೋಷಗಳು, ಆಮೇಲೆ ಮೇಲ್ಮೈ, ಕೊನೆಗೆ ಲೋಹವು ಸಿಲಿಕಾನನ್ನು ಮುಟ್ಟುವ ಜಾಗ ಎಂಬ ಕ್ರಮದಲ್ಲಿ ಸಂಶೋಧನೆಯ ಗಮನ ಸರಿದಿದೆ.

ಅರ್ಥ ಮತ್ತು ಅಳತೆ

ಸೌರಕೋಶದ ದಕ್ಷತೆಯನ್ನು ಜಗತ್ತಿನೆಲ್ಲೆಡೆ ಒಂದೇ ಪರೀಕ್ಷಾ ಸ್ಥಿತಿಯಲ್ಲಿ ಅಳೆಯಲಾಗುತ್ತದೆ. ಚದರ ಮೀಟರಿಗೆ 1000 ವ್ಯಾಟ್ ಬೆಳಕು, 25 ಡಿಗ್ರಿ ಸೆಲ್ಸಿಯಸ್ ಕೋಶ ಉಷ್ಣತೆ ಮತ್ತು ಎಎಂ 1.5 ಎಂದು ಕರೆಯುವ ರೋಹಿತ ಇದರ ಮೂರು ನಿಬಂಧನೆಗಳು. ಸೂರ್ಯನ ಕಿರಣ ಓರೆಯಾಗಿ ಬಂದು ವಾತಾವರಣದ ನೇರ ದಪ್ಪದ ಒಂದೂವರೆ ಪಟ್ಟು ದೂರವನ್ನು ಹಾದಾಗ ಉಳಿಯುವ ಬೆಳಕಿನ ಬಣ್ಣಗಳ ಹಂಚಿಕೆಯೇ ಎಎಂ 1.5.

ದಕ್ಷತೆಯು ಮೂರು ಪರಿಮಾಣಗಳ ಗುಣಲಬ್ಧ. ಕೋಶದ ಎರಡು ಧ್ರುವಗಳನ್ನು ನೇರವಾಗಿ ಜೋಡಿಸಿದಾಗ ಹರಿಯುವುದು ಹ್ರಸ್ವಮಂಡಲ ಪ್ರವಾಹ. ಏನನ್ನೂ ಜೋಡಿಸದಿದ್ದಾಗ ಧ್ರುವಗಳ ನಡುವೆ ಇರುವುದು ಮುಕ್ತಮಂಡಲ ವೋಲ್ಟೇಜ್. ಇವೆರಡರ ಗುಣಲಬ್ಧದಲ್ಲಿ ಎಷ್ಟು ಪಾಲು ನಿಜವಾಗಿ ಬಳಕೆಗೆ ಸಿಗುತ್ತದೆ ಎಂದು ಹೇಳುವುದು ಫಿಲ್ ಫ್ಯಾಕ್ಟರ್. ಚೀನಾದ ಲಾಂಗಿ ಕಂಪನಿ 2022ರಲ್ಲಿ ಸಾಧಿಸಿದ ದಾಖಲೆಯ ಕೋಶದಲ್ಲಿ ಪ್ರವಾಹ ಚದರ ಸೆಂಟಿಮೀಟರಿಗೆ 41.45 ಮಿಲಿಆಂಪಿಯರ್, ವೋಲ್ಟೇಜ್ ಸುಮಾರು 0.751 ವೋಲ್ಟ್, ಫಿಲ್ ಫ್ಯಾಕ್ಟರ್ ಶೇ. 86.07 ಇದ್ದವು. ಮೂರನ್ನೂ ಗುಣಿಸಿದರೆ ಶೇ. 26.81 ದಕ್ಷತೆ ಬರುತ್ತದೆ. ಒಂದು ಸುಧಾರಣೆಯಿಂದ ಈ ಮೂರರಲ್ಲಿ ಯಾವುದು ಏರಿತು ಎಂಬುದನ್ನು ನೋಡಿದರೆ ಕೋಶದ ಯಾವ ಭಾಗದ ನಷ್ಟ ತಗ್ಗಿದೆ ಎಂಬುದು ತಿಳಿಯುತ್ತದೆ. ಬೆಳಕಿನ ನಷ್ಟ ಕಡಿಮೆಯಾದರೆ ಪ್ರವಾಹ ಏರುತ್ತದೆ, ಬೆಳಕಿನಿಂದ ಹುಟ್ಟಿದ ವಿದ್ಯುದಾವೇಶಗಳು ಮತ್ತೆ ಕೂಡಿಕೊಳ್ಳುವ ಪುನರ್ಮಿಲನ ಕಡಿಮೆಯಾದರೆ ವೋಲ್ಟೇಜ್, ವಿದ್ಯುತ್ ರೋಧ ಕಡಿಮೆಯಾದರೆ ಫಿಲ್ ಫ್ಯಾಕ್ಟರ್.

ದಕ್ಷತೆಯ ಆರ್ಥಿಕ ಮಹತ್ವ ಕೋಶದ ಬೆಲೆಗಿಂತ ದೊಡ್ಡದು. ಕೋಶದ ದಕ್ಷತೆ ಶೇ. 20ರಿಂದ 21ಕ್ಕೆ ಏರಿದರೆ ಅಷ್ಟೇ ವಿಸ್ತೀರ್ಣದಿಂದ ಇಪ್ಪತ್ತರಲ್ಲಿ ಒಂದು ಭಾಗ ಹೆಚ್ಚು ವಿದ್ಯುತ್ತು ದೊರೆಯುತ್ತದೆ. ಗಾಜು, ಅಲ್ಯೂಮಿನಿಯಂ ಚೌಕಟ್ಟು, ಕಂಬ, ತಂತಿ, ನೆಲ, ಕೂಲಿ ಇವೆಲ್ಲ ವಿಸ್ತೀರ್ಣಕ್ಕೆ ತಕ್ಕಂತೆ ತಗಲುವ ವೆಚ್ಚಗಳಾದ್ದರಿಂದ ಪ್ರತಿ ವ್ಯಾಟಿನ ಮೇಲಿನ ಇವುಗಳ ಭಾರವೂ ಅದೇ ಪ್ರಮಾಣದಲ್ಲಿ ಇಳಿಯುತ್ತದೆ. ಒಂದು ಕಿಲೋವ್ಯಾಟ್ ಸಾಮರ್ಥ್ಯಕ್ಕೆ ಶೇ. 20ರ ಫಲಕ 5 ಚದರ ಮೀಟರ್ ಜಾಗ ಬೇಡಿದರೆ ಶೇ. 25ರ ಫಲಕಕ್ಕೆ 4 ಚದರ ಮೀಟರ್ ಸಾಕು. ಕಿರಿದಾದ ತಾರಸಿಯ ಮನೆಗಳಿಗೆ ಈ ಒಂದು ಚದರ ಮೀಟರು ನಿರ್ಣಾಯಕವಾಗುತ್ತದೆ.

ಕೋಶದ ರಚನೆ ಮತ್ತು ಕಾರ್ಯ

ಸಿಲಿಕಾನ್ ಸೌರಕೋಶವು ತೆಳುವಾದ ಸಿಲಿಕಾನ್ ಬಿಲ್ಲೆ. ಸಿಲಿಕಾನಿಗೆ ರಂಜಕ ಬೆರೆಸಿದರೆ ಎಲೆಕ್ಟ್ರಾನುಗಳು ಅಧಿಕವಾಗಿರುವ ಎನ್-ಮಾದರಿಯೂ ಬೋರಾನ್ ಅಥವಾ ಗ್ಯಾಲಿಯಂ ಬೆರೆಸಿದರೆ ರಂಧ್ರಗಳು ಅಧಿಕವಾಗಿರುವ ಪಿ-ಮಾದರಿಯೂ ಆಗುತ್ತದೆ. ಎಲೆಕ್ಟ್ರಾನ್ ಬಿಟ್ಟುಹೋದ ಖಾಲಿ ಸ್ಥಾನಕ್ಕೆ ರಂಧ್ರ ಎಂದು ಹೆಸರು. ಅದು ಧನ ವಿದ್ಯುದಾವೇಶದಂತೆ ವರ್ತಿಸುತ್ತದೆ. ಎರಡು ಮಾದರಿಗಳು ಕೂಡುವ ಕಡೆ ಪಿ-ಎನ್ ಸಂಧಿ ಏರ್ಪಡುತ್ತದೆ. ಬೆಳಕಿನ ಫೋಟಾನ್ ಸಿಲಿಕಾನಿನಲ್ಲಿ ಹೀರಲ್ಪಟ್ಟಾಗ ಒಂದು ಎಲೆಕ್ಟ್ರಾನ್ ಮತ್ತು ಒಂದು ರಂಧ್ರ ಹುಟ್ಟುತ್ತವೆ. ಸಂಧಿಯು ಅವೆರಡನ್ನೂ ಬೇರ್ಪಡಿಸಿ ಎದುರು ಧ್ರುವಗಳಿಗೆ ಕಳಿಸುತ್ತದೆ. ಧ್ರುವ ತಲುಪುವ ಮೊದಲೇ ಅವು ಮತ್ತೆ ಕೂಡಿಕೊಂಡರೆ ಶಕ್ತಿ ಶಾಖವಾಗಿ ವ್ಯರ್ಥವಾಗುತ್ತದೆ. ಇದೇ ಪುನರ್ಮಿಲನ. ದಕ್ಷತಾವರ್ಧನೆಯ ಬಹುಪಾಲು ಕೆಲಸ ಈ ಪುನರ್ಮಿಲನದ ವಿರುದ್ಧವೇ ನಡೆದಿದೆ.

ಚಾರಿತ್ರಿಕ ಬೆಳವಣಿಗೆ

ಬೆಳಕಿನಿಂದ ವಿದ್ಯುತ್ತು ಹುಟ್ಟುವುದನ್ನು 1839ರಲ್ಲಿ ಫ್ರಾನ್ಸಿನ ಎಡ್ಮಂಡ್ ಬೆಕರೆಲ್ ಗುರುತಿಸಿದ. 19ನೆಯ ಶತಮಾನದ ಕೊನೆಯಲ್ಲಿ ತಯಾರಾದ ಸೆಲೆನಿಯಂ ಕೋಶಗಳ ದಕ್ಷತೆ ಶೇ. 1ರ ಆಸುಪಾಸಿನಲ್ಲೇ ಉಳಿಯಿತು. ಅಮೆರಿಕದ ಬೆಲ್ ಪ್ರಯೋಗಾಲಯದ ರಸೆಲ್ ಓಲ್ 1940ರ ಸುಮಾರಿಗೆ ಸಿಲಿಕಾನ್ ತುಂಡೊಂದರಲ್ಲಿ ಪಿ-ಎನ್ ಸಂಧಿಯನ್ನು ಕಂಡುಕೊಂಡ. ಅದೇ ಪ್ರಯೋಗಾಲಯದ ಡ್ಯಾರಿಲ್ ಚಾಪಿನ್, ಕ್ಯಾಲ್ವಿನ್ ಫುಲ್ಲರ್ ಮತ್ತು ಜೆರಾಲ್ಡ್ ಪಿಯರ್ಸನ್ 1954ರ ಏಪ್ರಿಲ್ 25ರಂದು ಶೇ. 6 ದಕ್ಷತೆಯ ಸಿಲಿಕಾನ್ ಕೋಶವನ್ನು ಸಾರ್ವಜನಿಕವಾಗಿ ಪ್ರದರ್ಶಿಸಿದರು. ತೇವ ಹೆಚ್ಚಿರುವ ಉಷ್ಣವಲಯದಲ್ಲಿ ದೂರವಾಣಿ ಉಪಕರಣಗಳ ಒಣ ಬ್ಯಾಟರಿಗಳು ಬೇಗ ಕೆಡುತ್ತಿದ್ದುದರಿಂದ ಬೇರೆ ವಿದ್ಯುತ್ ಮೂಲ ಹುಡುಕುವ ಕೆಲಸ ಚಾಪಿನ್‌ನ ಪಾಲಿಗೆ ಬಂದಿತ್ತು.

1958ರ ವ್ಯಾನ್‌ಗಾರ್ಡ್-1 ಉಪಗ್ರಹದೊಡನೆ ಸೌರಕೋಶ ಬಾಹ್ಯಾಕಾಶಕ್ಕೆ ಏರಿತು. ಬೆಲೆಗಿಂತ ತೂಕ ಮುಖ್ಯವಾದ ಆ ಕ್ಷೇತ್ರದಲ್ಲಿ ದಕ್ಷತೆ ಶೀಘ್ರವಾಗಿ ಬೆಳೆದು 1960ರ ಹೊತ್ತಿಗೆ ಶೇ. 14 ಮುಟ್ಟಿತು. ಬೆಲ್ ಕೋಶದ ತಳ ಎನ್-ಮಾದರಿಯದು. ಬಾಹ್ಯಾಕಾಶದ ವಿಕಿರಣವನ್ನು ಪಿ-ಮಾದರಿಯ ತಳ ಹೆಚ್ಚು ತಾಳುತ್ತದೆ ಎಂದು ಕಂಡುಬಂದಾಗ, 1962ರ ಟೆಲ್‌ಸ್ಟಾರ್ ಉಪಗ್ರಹವೂ ಸೇರಿದಂತೆ, ಬಳಕೆ ಪಿ-ಮಾದರಿಗೆ ತಿರುಗಿತು. ನೆಲದ ಮೇಲೆ ಅಂಥ ವಿಕಿರಣವಿಲ್ಲ. ಆದರೂ ಕೈಗಾರಿಕೆ ಆರು ದಶಕಗಳ ಕಾಲ ಪಿ-ಮಾದರಿಯನ್ನೇ ಮುಂದುವರಿಸಿತು, ಎನ್-ಮಾದರಿಗೆ ವ್ಯಾಪಕವಾಗಿ ಮರಳಿದ್ದು 2020ರ ನಂತರವೇ.

1970ರ ದಶಕದಲ್ಲಿ ಎರಡು ಸುಧಾರಣೆಗಳು ಜೊತೆಯಾದವು. ಅಮೆರಿಕದ ಕಾಮ್‌ಸ್ಯಾಟ್ ಪ್ರಯೋಗಾಲಯದ ಜೋಸೆಫ್ ಲಿಂಡ್‌ಮೇಯರ್ 1972ರಲ್ಲಿ ಸಂಧಿಯನ್ನು ಮೇಲ್ಮೈಗೆ ಬಹು ಹತ್ತಿರ ತಂದು ನೀಲಿ ಬೆಳಕನ್ನೂ ದುಡಿಸಿಕೊಳ್ಳುವ ನೇರಳೆ ಕೋಶವನ್ನು ರೂಪಿಸಿದ. 1974ರಲ್ಲಿ ಅಲ್ಲಿಯೇ ಮೇಲ್ಮೈಯನ್ನು ಸೂಕ್ಷ್ಮ ಪಿರಮಿಡ್ಡುಗಳಾಗಿ ಕೊರೆದು ಬೆಳಕಿನ ಪ್ರತಿಫಲನ ತಗ್ಗಿಸಲಾಯಿತು. ಕೋಶದ ಹಿಂಬದಿಯಲ್ಲಿ ಅಲ್ಯೂಮಿನಿಯಂ ಬೆರೆತ ಪದರದ ಮೂಲಕ ವಿದ್ಯುತ್ ಕ್ಷೇತ್ರ ನಿರ್ಮಿಸಿ ಎಲೆಕ್ಟ್ರಾನುಗಳನ್ನು ಹಿಂದಕ್ಕಟ್ಟುವ ಕ್ರಮವೂ ಈ ದಶಕದ್ದೇ.

ಮುಂದಿನ ಹಂತ ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದಲ್ಲಿ ನಡೆಯಿತು. ಮಾರ್ಟಿನ್ ಗ್ರೀನ್ ನೇತೃತ್ವದ ತಂಡ 1985ರಲ್ಲಿ ಶೇ. 20ರ ಗಡಿ ದಾಟಿತು. 1989ರಲ್ಲಿ ಆಂಡ್ರ್ಯೂ ಬ್ಲೇಕರ್ಸ್ ಮತ್ತು ಸಂಗಡಿಗರು ಹಿಂಬದಿಯಲ್ಲಿ ಲೋಹ ಸಣ್ಣ ಜಾಗಗಳಲ್ಲಿ ಮಾತ್ರ ಸಿಲಿಕಾನನ್ನು ಮುಟ್ಟುವ, ಶೇ. 22.8 ದಕ್ಷತೆಯ ಪರ್ಕ್ ಕೋಶವನ್ನು ಪ್ರಕಟಿಸಿದರು. 1999ರಲ್ಲಿ ಜಾವೊ ಜಿಯಾನ್‌ಹುವಾ ಮತ್ತು ವಾಂಗ್ ಐಹುವಾ ಸೇರಿದ ಅದೇ ತಂಡ ಶೇ. 24.7 ಸಾಧಿಸಿತು. ಅಳತೆಯ ರೋಹಿತ ಪರಿಷ್ಕೃತವಾದ ಬಳಿಕ 2008ರಲ್ಲಿ ಈ ಅಂಕಿಯನ್ನು ಶೇ. 25.0 ಎಂದು ತಿದ್ದಲಾಯಿತು. ಆ ದಾಖಲೆಯನ್ನು ಮುರಿಯಲು 2014ರವರೆಗೆ ಕಾಯಬೇಕಾಯಿತು. ಗ್ರೀನ್, ಬ್ಲೇಕರ್ಸ್, ಜಾವೊ ಮತ್ತು ವಾಂಗ್ ಈ ನಾಲ್ವರಿಗೆ 2023ರ ಕ್ವೀನ್ ಎಲಿಜಬೆತ್ ಎಂಜಿನಿಯರಿಂಗ್ ಪ್ರಶಸ್ತಿ ಸಂದಿತು. ಪರ್ಕ್ ಪ್ರಯೋಗಾಲಯದಿಂದ ಕಾರ್ಖಾನೆಗಳಿಗೆ ದೊಡ್ಡ ಪ್ರಮಾಣದಲ್ಲಿ ಇಳಿಯಲು ಕಾಲು ಶತಮಾನ ಹಿಡಿಯಿತೆಂಬುದು ಈ ಕ್ಷೇತ್ರದ ನಡೆಯನ್ನು ತಿಳಿಯಲು ಗಮನಿಸಬೇಕಾದ ಸಂಗತಿ.

ನಷ್ಟಗಳು ಮತ್ತು ಸೈದ್ಧಾಂತಿಕ ಮಿತಿ

ಸಿಲಿಕಾನಿನ ಶಕ್ತಿ ಅಂತರ, ಅಂದರೆ ಎಲೆಕ್ಟ್ರಾನ್–ರಂಧ್ರ ಜೋಡಿಯನ್ನು ಹುಟ್ಟಿಸಲು ಬೇಕಾದ ಕನಿಷ್ಠ ಶಕ್ತಿ, 1.12 ಎಲೆಕ್ಟ್ರಾನ್ ವೋಲ್ಟ್. ಇದಕ್ಕಿಂತ ಕಡಿಮೆ ಶಕ್ತಿಯ ಫೋಟಾನುಗಳು, ಅಂದರೆ ಸುಮಾರು 1100 ನ್ಯಾನೊಮೀಟರಿಗಿಂತ ಉದ್ದನೆಯ ಅಲೆಗಳು, ಕೋಶವನ್ನು ಹಾದುಹೋಗುತ್ತವೆ. ಬಿಸಿಲಿನ ಶಕ್ತಿಯಲ್ಲಿ ಹೆಚ್ಚುಕಡಿಮೆ ಐದನೇ ಒಂದು ಭಾಗ ಹೀಗೆ ಕೈತಪ್ಪಿ ಹೋಗುತ್ತದೆ. ಹೆಚ್ಚು ಶಕ್ತಿಯ ಫೋಟಾನುಗಳು ಹೀರಲ್ಪಡುತ್ತವೆಯಾದರೂ 1.12ಕ್ಕಿಂತ ಮೇಲಿನ ಶಕ್ತಿ ಕ್ಷಣಾರ್ಧದಲ್ಲಿ ಶಾಖವಾಗುತ್ತದೆ. ಇದು ಸುಮಾರು ಮೂರನೇ ಒಂದು ಭಾಗ. ಈ ಎರಡು ನಷ್ಟಗಳು ಸಿಲಿಕಾನಿನ ಸ್ವಭಾವಕ್ಕೇ ಅಂಟಿಕೊಂಡವು. ಎಷ್ಟೇ ಒಳ್ಳೆಯ ಕಾರ್ಖಾನೆಯಾದರೂ ಇವನ್ನು ತಪ್ಪಿಸಲಾರದು. ಬಿಸಿಲಿನ ಅರ್ಧದಷ್ಟು ಶಕ್ತಿ ಆಟಕ್ಕೆ ಮುನ್ನವೇ ಹೋಗಿರುತ್ತದೆ.

ವಿಲಿಯಂ ಶಾಕ್ಲಿ ಮತ್ತು ಹಾನ್ಸ್ ಕ್ವೈಸರ್ 1961ರಲ್ಲಿ ಒಂದೇ ಸಂಧಿಯುಳ್ಳ ಕೋಶದ ಗರಿಷ್ಠ ದಕ್ಷತೆಯನ್ನು ಲೆಕ್ಕಹಾಕಿ ಶೇ. 30 ಎಂದು ತೋರಿಸಿದರು. ಹೀರಿದ್ದನ್ನು ಕೋಶವು ಒಂದಷ್ಟು ಮಟ್ಟಿಗೆ ಬೆಳಕಾಗಿಯೇ ಮರಳಿ ಸೂಸಬೇಕೆಂಬ ಉಷ್ಣಗತಿಯ ನಿಯಮ ಆ ಲೆಕ್ಕದ ಆಧಾರ. ಸಿಲಿಕಾನಿಗೆ ಇನ್ನೊಂದು ತೊಡಕಿದೆ. ಎಲೆಕ್ಟ್ರಾನೂ ರಂಧ್ರವೂ ಕೂಡಿದಾಗ ಬಿಡುಗಡೆಯಾದ ಶಕ್ತಿಯನ್ನು ಮೂರನೆಯ ವಾಹಕವೊಂದು (ಇನ್ನೊಂದು ಎಲೆಕ್ಟ್ರಾನ್ ಅಥವಾ ರಂಧ್ರ) ಕಸಿದುಕೊಳ್ಳುವ ಆಜೆ ಪುನರ್ಮಿಲನ ಇದರಲ್ಲಿ ಪ್ರಬಲ. ಇದನ್ನೂ ಸೇರಿಸಿ 2013ರಲ್ಲಿ ಜರ್ಮನಿಯ ಫ್ರೌನ್‌ಹೋಫರ್ ಸೌರಶಕ್ತಿ ಸಂಸ್ಥೆಯವರು ಮಾಡಿದ ಲೆಕ್ಕದಂತೆ ಸಿಲಿಕಾನ್ ಕೋಶದ ಮೇಲ್ಮಿತಿ ಶೇ. 29.4, ಅದಕ್ಕೆ ತಕ್ಕ ಬಿಲ್ಲೆಯ ದಪ್ಪ ಸುಮಾರು 110 ಮೈಕ್ರೊಮೀಟರ್. ಉಳಿದ ನಷ್ಟಗಳಾದ ಪ್ರತಿಫಲನ, ಲೋಹದ ನೆರಳು, ದೋಷಗಳಲ್ಲಿ ಮತ್ತು ಮೇಲ್ಮೈಯಲ್ಲಿ ನಡೆಯುವ ಪುನರ್ಮಿಲನ, ರೋಧ ಇವು ಮನುಷ್ಯ ಪ್ರಯತ್ನಕ್ಕೆ ಒಗ್ಗುವಂಥವು.

ಬೆಳಕನ್ನು ಹಿಡಿಯುವ ಕ್ರಮಗಳು

ನಯಗೊಳಿಸಿದ ಬರಿಯ ಸಿಲಿಕಾನ್ ತನ್ನ ಮೇಲೆ ಬಿದ್ದ ಬೆಳಕಿನ ಮೂರನೇ ಒಂದು ಭಾಗವನ್ನು ಹಿಂದಕ್ಕೆ ಎಸೆಯುತ್ತದೆ. ಏಕಸ್ಫಟಿಕ ಬಿಲ್ಲೆಯನ್ನು ಕ್ಷಾರದ್ರಾವಣದಲ್ಲಿ ಅದ್ದಿದಾಗ ಸ್ಫಟಿಕದ ಕೆಲವು ಮುಖಗಳು ಬೇಗ, ಕೆಲವು ನಿಧಾನವಾಗಿ ಕರಗಿ, ಕೆಲವೇ ಮೈಕ್ರೊಮೀಟರ್ ಎತ್ತರದ ಪಿರಮಿಡ್ಡುಗಳು ಒತ್ತೊತ್ತಾಗಿ ಎದ್ದು ನಿಲ್ಲುತ್ತವೆ. ಒಂದು ಪಿರಮಿಡ್ಡಿನಿಂದ ಚಿಮ್ಮಿದ ಕಿರಣ ಪಕ್ಕದ್ದಕ್ಕೆ ಬಡಿದು ಒಳಹೋಗುವ ಇನ್ನೊಂದು ಅವಕಾಶ ಪಡೆಯುತ್ತದೆ. ಅದರ ಮೇಲೆ ಸುಮಾರು 75 ನ್ಯಾನೊಮೀಟರ್ ದಪ್ಪದ ಸಿಲಿಕಾನ್ ನೈಟ್ರೈಡ್ ಲೇಪಿಸಿದರೆ ಪ್ರತಿಫಲನ ಇನ್ನಷ್ಟು ಕುಗ್ಗಿ ಕೆಲವೇ ಶೇಕಡಾದಷ್ಟು ಉಳಿಯುತ್ತದೆ. ಬಿಸಿಲು ಹೆಚ್ಚು ಫೋಟಾನುಗಳನ್ನು ಹೊತ್ತುತರುವ 600 ನ್ಯಾನೊಮೀಟರ್ ಆಸುಪಾಸಿನ ಅಲೆಗೆ ಹೊಂದುವಂತೆ ಈ ದಪ್ಪವನ್ನು ಆರಿಸಲಾಗಿದೆ. ಕೋಶಗಳ ಕಡು ನೀಲಿ ಬಣ್ಣ ಈ ಲೇಪನದ್ದೇ ಹೊರತು ಸಿಲಿಕಾನಿನದಲ್ಲ.

ಒಳಹೊಕ್ಕ ಬೆಳಕೆಲ್ಲವೂ ಹೀರಲ್ಪಡುತ್ತದೆಂಬ ಖಾತರಿಯಿಲ್ಲ. ಸಿಲಿಕಾನ್ ಪರೋಕ್ಷ ಶಕ್ತಿ ಅಂತರದ ವಸ್ತುವಾದ್ದರಿಂದ ಅದರ ಹೀರುಶಕ್ತಿ ದುರ್ಬಲ. 400 ನ್ಯಾನೊಮೀಟರಿನ ನೇರಳೆ ಬೆಳಕು ಮೇಲಿನ 0.1 ಮೈಕ್ರೊಮೀಟರಿನಲ್ಲೇ ಬಹುಪಾಲು ಮುಗಿದುಹೋದರೆ 1000 ನ್ಯಾನೊಮೀಟರಿನ ಅವಕೆಂಪು ಬೆಳಕಿಗೆ 150 ಮೈಕ್ರೊಮೀಟರಿಗೂ ಹೆಚ್ಚು ದಾರಿ ಬೇಕು. 1100ರ ಹತ್ತಿರ ಅದು ಮಿಲಿಮೀಟರುಗಳಿಗೆ ಏರುತ್ತದೆ. ಇಂದಿನ ಬಿಲ್ಲೆಗಳು ಅಷ್ಟು ದಪ್ಪವಿಲ್ಲ. ಆದಕಾರಣ ಬೆಳಕನ್ನು ಓರೆಯಾಗಿ ಚದುರಿಸಿ, ಹಿಂಬದಿಯ ಕನ್ನಡಿಯಂಥ ಪದರದಿಂದ ತಿರುಗಿಸಿ, ಒಳಗೇ ಹಲವು ಬಾರಿ ಓಡಾಡಿಸಬೇಕು. ಮೇಲ್ಮೈ ಸಂಪೂರ್ಣ ಅಡ್ಡಾದಿಡ್ಡಿಯಾಗಿ ಬೆಳಕನ್ನು ಚದುರಿಸಿದರೆ ದಾರಿಯ ಉದ್ದ ವಕ್ರೀಭವನಾಂಕದ ವರ್ಗದ ನಾಲ್ಕು ಪಟ್ಟು, ಸಿಲಿಕಾನಿನಲ್ಲಿ ಸುಮಾರು 50 ಪಟ್ಟು, ಆಗಬಲ್ಲದೆಂದು ಎಲಿ ಯಬ್ಲೊನೊವಿಚ್ 1982ರಲ್ಲಿ ತೋರಿಸಿದ.

ಸ್ಫಟಿಕದ ಗುಣಮಟ್ಟ

ಬಿಲ್ಲೆಯ ಒಳಗೆ ವಾಹಕಗಳು ಸರಾಸರಿ ಎಷ್ಟು ಹೊತ್ತು ಬದುಕಿರುತ್ತವೆ ಎಂಬುದೇ ಅದರ ಗುಣಮಟ್ಟದ ಅಳತೆ. ಕಬ್ಬಿಣದಂಥ ಲೋಹಗಳು ಅತ್ಯಲ್ಪ ಪ್ರಮಾಣದಲ್ಲಿದ್ದರೂ ಅಲ್ಲಿ ಪುನರ್ಮಿಲನ ಸುಲಭವಾಗುತ್ತದೆ. ಹಲವು ಹರಳುಗಳು ಕೂಡಿದ ಬಹುಸ್ಫಟಿಕ ಬಿಲ್ಲೆಗಳಲ್ಲಿ ಹರಳುಗಳ ಗಡಿಗಳೂ ಇದೇ ಹಾನಿ ಮಾಡುತ್ತವೆ. ಅಗ್ಗವೆಂಬ ಕಾರಣದಿಂದ ದೀರ್ಘಕಾಲ ಮಾರುಕಟ್ಟೆಯನ್ನು ಆಳಿದ ಬಹುಸ್ಫಟಿಕ ಬಿಲ್ಲೆ, ವಜ್ರದ ಪುಡಿ ಲೇಪಿಸಿದ ತಂತಿಯಿಂದ ಕೊಯ್ಯುವ ಪದ್ಧತಿಯೂ ಚೊಕ್ರಾಲ್ಸ್ಕಿ ವಿಧಾನದಲ್ಲಿ ಒಂದೇ ಕುಲುಮೆಯಿಂದ ಹಲವು ಸ್ಫಟಿಕಗಳನ್ನು ಎಳೆಯುವ ಪದ್ಧತಿಯೂ ಏಕಸ್ಫಟಿಕದ ಬೆಲೆಯನ್ನು ಇಳಿಸಿದ ಮೇಲೆ ಬದಿಗೆ ಸರಿಯಿತು.

ಬೋರಾನ್ ಬೆರೆತ ಪಿ-ಮಾದರಿಯ ಬಿಲ್ಲೆಗೆ ಒಂದು ವಿಶೇಷ ದೌರ್ಬಲ್ಯವಿದೆ. ಬೋರಾನೂ ಸ್ಫಟಿಕದಲ್ಲಿ ಉಳಿದ ಆಮ್ಲಜನಕವೂ ಬೆಳಕು ಬಿದ್ದಾಗ ಕೂಡಿ ದೋಷವೊಂದನ್ನು ಸೃಷ್ಟಿಸುತ್ತವೆ, ಹೊಸ ಕೋಶದ ದಕ್ಷತೆ ಮೊದಲ ಬಿಸಿಲಿನಲ್ಲೇ ಇಳಿಯುತ್ತದೆ. 1973ರಲ್ಲಿ ವರದಿಯಾದ ಈ ಕುಸಿತಕ್ಕೆ ಜಲಜನಕವನ್ನು ಒಳಸೇರಿಸಿ ದೋಷವನ್ನು ತಣಿಸುವುದು, ಬೋರಾನಿನ ಬದಲು ಗ್ಯಾಲಿಯಂ ಬಳಸುವುದು ಎಂಬ ಪರಿಹಾರಗಳು ಬಂದವು. ಎನ್-ಮಾದರಿಯ ಬಿಲ್ಲೆಯಲ್ಲಿ ಈ ತೊಂದರೆಯೇ ಇಲ್ಲ, ಲೋಹದ ಕಶ್ಮಲಗಳನ್ನೂ ಅದು ಹೆಚ್ಚು ಸಹಿಸುತ್ತದೆ. ಒಳ್ಳೆಯ ಎನ್-ಮಾದರಿ ಬಿಲ್ಲೆಯಲ್ಲಿ ವಾಹಕದ ಆಯುಸ್ಸು ಒಂದು ಮಿಲಿಸೆಕೆಂಡನ್ನು ಮೀರುತ್ತದೆ. ಅಷ್ಟರಲ್ಲಿ ರಂಧ್ರವೊಂದು ಒಂದು ಮಿಲಿಮೀಟರಿನಷ್ಟು ದೂರ ಹರಡಬಲ್ಲದು. ಬಿಲ್ಲೆಯ ದಪ್ಪ ಅದರ ಏಳನೇ ಒಂದು ಭಾಗ ಮಾತ್ರ. ಸ್ಫಟಿಕದ ಒಳಭಾಗ ಇಷ್ಟು ಚೊಕ್ಕಟವಾದ ಮೇಲೆ ನಷ್ಟದ ಮುಖ್ಯ ತಾಣ ಮೇಲ್ಮೈಯಾಗಿ ಉಳಿಯಿತು.

ಮೇಲ್ಮೈ ಪ್ಯಾಸಿವೇಶನ್

ಸ್ಫಟಿಕ ಕೊನೆಗೊಳ್ಳುವ ಮೇಲ್ಮೈಯಲ್ಲಿ ಸಿಲಿಕಾನ್ ಪರಮಾಣುಗಳ ಕೆಲವು ಬಂಧಗಳು ಜೊತೆಯಿಲ್ಲದೆ ತೆರೆದಿರುತ್ತವೆ. ವಾಹಕಗಳು ಅಲ್ಲಿ ಸಿಕ್ಕಿಬಿದ್ದು ಕೂಡಿಕೊಳ್ಳುತ್ತವೆ. ಈ ಬಂಧಗಳನ್ನು ನಿರುಪದ್ರವಗೊಳಿಸುವ ಉಪಚಾರಕ್ಕೆ ಪ್ಯಾಸಿವೇಶನ್ ಎಂದು ಹೆಸರು. ಅದಕ್ಕೆ ಎರಡು ದಾರಿಗಳಿವೆ. ಆಕ್ಸೈಡ್ ಪದರವನ್ನು ಬೆಳೆಸಿ ಅಥವಾ ಜಲಜನಕದ ಪರಮಾಣುಗಳನ್ನು ಜೋಡಿಸಿ ತೆರೆದ ಬಂಧಗಳನ್ನು ಮುಚ್ಚುವುದು ರಾಸಾಯನಿಕ ದಾರಿ. ಸ್ಥಿರ ವಿದ್ಯುದಾವೇಶವುಳ್ಳ ಪದರವನ್ನು ಹೊದಿಸಿ ಎರಡು ಬಗೆಯ ವಾಹಕಗಳಲ್ಲಿ ಒಂದನ್ನು ಮೇಲ್ಮೈಯಿಂದ ದೂರವಿಡುವುದು ಕ್ಷೇತ್ರದ ದಾರಿ. ಕೂಡಲು ಜೊತೆ ಸಿಗದಿದ್ದರೆ ಪುನರ್ಮಿಲನ ನಡೆಯದು.

ಸಿಲಿಕಾನ್ ನೈಟ್ರೈಡ್ ಎರಡನ್ನೂ ಮಾಡುತ್ತದೆ, ಆದರೆ ಅದರ ಆವೇಶ ಧನಾತ್ಮಕವಾದ್ದರಿಂದ ಎನ್-ಮಾದರಿಯ ಮೇಲ್ಮೈಗೆ ಮಾತ್ರ ಚೆನ್ನಾಗಿ ಒಪ್ಪುತ್ತದೆ. ಪಿ-ಮಾದರಿಯ ಮೇಲ್ಮೈಗೆ ಋಣ ಆವೇಶದ ಪದರ ಬೇಕಿತ್ತು. 2000ರ ದಶಕದ ನಡುವಿನಲ್ಲಿ ಕೆಲವೇ ನ್ಯಾನೊಮೀಟರ್ ದಪ್ಪದ ಅಲ್ಯೂಮಿನಿಯಂ ಆಕ್ಸೈಡ್ ಆ ಕೊರತೆಯನ್ನು ತುಂಬಿತು. ಪರ್ಕ್ ಕೋಶ ಕಾರ್ಖಾನೆಗೆ ಬರಲು ಇದೇ ದಾರಿ ತೆರೆಯಿತು.

ಕೋಶದ ಪ್ರಕಾರಗಳು

ಹಿಂಬದಿ ಪೂರ್ತಿ ಅಲ್ಯೂಮಿನಿಯಂ ಮೆತ್ತಿ ಸುಡುವ ಹಳೆಯ ಕೋಶ 2010ರ ದಶಕದ ಕೊನೆಯವರೆಗೂ ಕೈಗಾರಿಕೆಯ ಸಾಮಾನ್ಯ ರೂಪವಾಗಿತ್ತು. ಲೋಹ ಸಿಲಿಕಾನನ್ನು ಹಿಂಬದಿಯಲ್ಲೆಲ್ಲ ಮುಟ್ಟುತ್ತಿದ್ದುದರಿಂದ ಅದು ಶೇ. 20ರ ಆಚೆ ಹೋಗುವುದು ಕಷ್ಟವಾಯಿತು.

ಪರ್ಕ್ ಕೋಶದಲ್ಲಿ ಹಿಂಬದಿಗೆ ಅಲ್ಯೂಮಿನಿಯಂ ಆಕ್ಸೈಡ್ ಮತ್ತು ನೈಟ್ರೈಡ್ ಪದರಗಳನ್ನು ಹೊದಿಸಿ, ಲೇಸರಿನಿಂದ ತೆರೆದ ಸಣ್ಣ ಗೀರುಗಳಲ್ಲಿ ಮಾತ್ರ ಲೋಹ ಸಿಲಿಕಾನನ್ನು ಮುಟ್ಟುವಂತೆ ಮಾಡಲಾಗುತ್ತದೆ. ಪದರಗಳು ಬೆಳಕನ್ನು ಒಳಕ್ಕೆ ತಿರುಗಿಸುವ ಕನ್ನಡಿಯೂ ಹೌದು. ಹಳೆಯ ಕಾರ್ಖಾನೆಗೆ ಎರಡು ಮೂರು ಯಂತ್ರಗಳನ್ನು ಸೇರಿಸಿದರೆ ಸಾಕಾಗುತ್ತಿದ್ದುದರಿಂದ ಅದು ವೇಗವಾಗಿ ಹರಡಿ, ಶೇ. 23ರ ಆಸುಪಾಸಿಗೆ ಬಂದು ನಿಂತಿತು. ಲೋಹ ಮುಟ್ಟುವ ಆ ಸಣ್ಣ ಗೀರುಗಳೇ ಈಗ ನಷ್ಟದ ಬಾಯಿಗಳಾದವು.

ಲೋಹ ಸಿಲಿಕಾನನ್ನು ಮುಟ್ಟಲೇಬಾರದು, ಆದರೂ ವಿದ್ಯುತ್ತು ಹರಿಯಬೇಕು ಎಂಬ ವಿರೋಧಾಭಾಸದಂಥ ಬೇಡಿಕೆಗೆ ಉತ್ತರವಾಗಿ ಬಂದವು ಪ್ಯಾಸಿವೇಟೆಡ್ ಸಂಪರ್ಕಗಳು. ಇಂಥ ಸಂಪರ್ಕ ಒಂದು ಬಗೆಯ ವಾಹಕವನ್ನು ಹೊರಬಿಟ್ಟು ಇನ್ನೊಂದನ್ನು ತಡೆಯುತ್ತದೆ. ಈ ಕ್ಷೇತ್ರದ ಅತ್ಯಂತ ಫಲವತ್ತಾದ ಕಲ್ಪನೆ ಇದೇ. ಫ್ರೌನ್‌ಹೋಫರ್ ಸಂಸ್ಥೆ 2013ರಲ್ಲಿ ಹೆಸರಿಸಿದ ಟಾಪ್‌ಕಾನ್ ರಚನೆಯಲ್ಲಿ ಎನ್-ಮಾದರಿ ಬಿಲ್ಲೆಯ ಹಿಂದೆ ಒಂದೆರಡು ನ್ಯಾನೊಮೀಟರಿನ ಸಿಲಿಕಾನ್ ಆಕ್ಸೈಡ್, ಅದರ ಮೇಲೆ ಸುಮಾರು 100 ನ್ಯಾನೊಮೀಟರಿನ ರಂಜಕಭರಿತ ಪಾಲಿಸಿಲಿಕಾನ್ ಇರುತ್ತವೆ. ಆಕ್ಸೈಡ್ ಮೇಲ್ಮೈಯ ಬಂಧಗಳನ್ನು ಮುಚ್ಚುತ್ತದೆ, ಎಲೆಕ್ಟ್ರಾನುಗಳಾದರೋ ಕ್ವಾಂಟಂ ಸುರಂಗನದಿಂದ ಅದನ್ನು ದಾಟುತ್ತವೆ. ಪರ್ಕ್ ಕಾರ್ಖಾನೆಯನ್ನು ಮಾರ್ಪಡಿಸಿ ಇದನ್ನು ತಯಾರಿಸಬಹುದಾದ್ದರಿಂದ 2024ರ ಹೊತ್ತಿಗೆ ಟಾಪ್‌ಕಾನ್ ಮಾರುಕಟ್ಟೆಯ ಮೊದಲ ಸ್ಥಾನಕ್ಕೆ ಬಂತು. ಕಾರ್ಖಾನೆಯಲ್ಲಿ ತಯಾರಾಗುವ ಇಂಥ ಕೋಶಗಳ ದಕ್ಷತೆ ಶೇ. 25ನ್ನು ದಾಟಿದೆ.

ಭಿನ್ನಸಂಧಿ ಕೋಶ, ಅಂದರೆ ಎಚ್‌ಜೆಟಿ, ಇದೇ ಗುರಿಯನ್ನು ಬೇರೆ ವಸ್ತುವಿನಿಂದ ಮುಟ್ಟುತ್ತದೆ. ಬಿಲ್ಲೆಯ ಎರಡೂ ಬದಿಗೆ ಜಲಜನಕ ಬೆರೆತ ಅಸ್ಫಟಿಕ ಸಿಲಿಕಾನಿನ ಕೆಲವೇ ನ್ಯಾನೊಮೀಟರ್ ಪದರಗಳನ್ನು ಹೊದಿಸಲಾಗುತ್ತದೆ. ಜಪಾನಿನ ಸಾನ್ಯೊ ಕಂಪನಿ 1990ರ ದಶಕದಲ್ಲಿ ಇದನ್ನು ಅಭಿವೃದ್ಧಿಪಡಿಸಿ ಮಾರುಕಟ್ಟೆಗೆ ತಂದಿತು. ಇದರ ವೋಲ್ಟೇಜ್ 0.75 ವೋಲ್ಟ್ ಮುಟ್ಟುತ್ತದೆ. ಅಸ್ಫಟಿಕ ಪದರ ಬಿಸಿ ತಾಳದ ಕಾರಣ ತಯಾರಿಕೆಯೆಲ್ಲ ಸುಮಾರು 200 ಡಿಗ್ರಿಯ ಮಿತಿಯಲ್ಲಿ ನಡೆಯಬೇಕು, ಬೇರೆಯೇ ಯಂತ್ರಗಳು ಬೇಕು, ಪಾರದರ್ಶಕ ವಾಹಕ ಪದರಕ್ಕೆ ವಿರಳ ಲೋಹವಾದ ಇಂಡಿಯಂ ಬೇಕು. ಬೆಲೆಯ ಅಡ್ಡಿ ಇಲ್ಲಿಂದಲೇ ಬರುತ್ತದೆ.

ಹಿಂಬದಿ ಸಂಪರ್ಕ ಕೋಶದಲ್ಲಿ ಧನ, ಋಣ ಎರಡೂ ಧ್ರುವಗಳು ಹಿಂದೆಯೇ ಇದ್ದು ಮುಂಭಾಗದಲ್ಲಿ ಲೋಹದ ನೆರಳೇ ಇಲ್ಲ. ಸ್ಟ್ಯಾನ್‌ಫೋರ್ಡ್‌ನ ರಿಚರ್ಡ್ ಸ್ವಾನ್ಸನ್ ಸ್ಥಾಪಿಸಿದ ಸನ್‌ಪವರ್ ಕಂಪನಿ ಇದನ್ನು ಬೆಳೆಸಿತು. 1993ರಲ್ಲಿ ಆಸ್ಟ್ರೇಲಿಯದ ಸೌರಕಾರು ಪಂದ್ಯ ಗೆದ್ದ ಹೋಂಡಾ ಕಾರಿನಲ್ಲಿ ಇದ್ದುದು ಈ ಕೋಶಗಳೇ. ಹಿಂಬದಿ ಸಂಪರ್ಕವನ್ನೂ ಭಿನ್ನಸಂಧಿಯನ್ನೂ ಕೂಡಿಸಿದ ಕೋಶಗಳು 2014ರಿಂದ ಈಚಿನ ಬಹುತೇಕ ದಾಖಲೆಗಳನ್ನು ಬರೆದಿವೆ. ಪ್ಯಾನಾಸೋನಿಕ್‌ನ ಶೇ. 25.6, 2017ರಲ್ಲಿ ಕನೆಕಾದ ಶೇ. 26.7, 2024ರಲ್ಲಿ ಲಾಂಗಿಯ ಶೇ. 27.3 ಇದೇ ಸಾಲಿನವು.

ಲೋಹದ ಗೆರೆಗಳು ಮತ್ತು ಫಲಕ

ಕೋಶದ ಮುಂಭಾಗದ ಬೆಳ್ಳಿಯ ಗೆರೆಗಳು ವಿದ್ಯುತ್ತನ್ನು ಒಟ್ಟುಗೂಡಿಸುತ್ತವೆ, ಜೊತೆಗೆ ನೆರಳನ್ನೂ ಬೀಳಿಸುತ್ತವೆ. ಗೆರೆ ತೆಳುವಾದರೆ ನೆರಳು ಕಡಿಮೆ, ರೋಧ ಹೆಚ್ಚು. ಬೆಳ್ಳಿಯ ಪೇಸ್ಟನ್ನು ಸ್ಕ್ರೀನ್ ಪ್ರಿಂಟಿಂಗಿನಿಂದ ಅಚ್ಚೊತ್ತುವ ಕೌಶಲ ಸುಧಾರಿಸಿದಂತೆ ಗೆರೆಗಳ ಅಗಲ 100 ಮೈಕ್ರೊಮೀಟರಿಗೂ ಮಿಕ್ಕಿದ್ದುದು 20–30ಕ್ಕೆ ಇಳಿದಿದೆ. ಬೆಳ್ಳಿಯ ಬೆಲೆಯ ಕಾರಣದಿಂದ ತಾಮ್ರ ಲೇಪಿಸುವ ಪ್ರಯತ್ನಗಳು ನಡೆದಿವೆ. ಗೆರೆಯ ಕೆಳಗಷ್ಟೇ ರಂಜಕ ಅಥವಾ ಬೋರಾನಿನ ಸಾಂದ್ರತೆಯನ್ನು ಲೇಸರಿನಿಂದ ಹೆಚ್ಚಿಸಿ ಉಳಿದೆಡೆ ಕಡಿಮೆ ಇಡುವುದೂ ಸಾಮಾನ್ಯವಾಗಿದೆ.

ಕೋಶಗಳನ್ನು ಫಲಕವಾಗಿ ಜೋಡಿಸುವಾಗಲೂ ದಕ್ಷತೆ ಕಳೆದುಹೋಗುತ್ತದೆ. ಕೋಶವನ್ನು ಎರಡಾಗಿ ಕತ್ತರಿಸಿದರೆ ಪ್ರತಿ ತುಂಡಿನ ಪ್ರವಾಹ ಅರ್ಧವಾಗಿ ಜೋಡಣೆಯ ಪಟ್ಟಿಗಳಲ್ಲಿನ ಶಾಖನಷ್ಟ ಕಾಲುಭಾಗಕ್ಕೆ ಇಳಿಯುತ್ತದೆ. ಇಂದಿನ ಫಲಕಗಳಲ್ಲಿ ಅರ್ಧ ಕೋಶಗಳೇ ಹೆಚ್ಚು. ಅಗಲ ಪಟ್ಟಿಗಳ ಬದಲು ಹಲವು ಸಣ್ಣ ದುಂಡು ತಂತಿಗಳು, ಗಾಜಿಗೆ ಪ್ರತಿಫಲನ ನಿರೋಧಕ ಲೇಪನ ಇವೂ ರೂಢಿಗೆ ಬಂದಿವೆ. ಹಿಂಬದಿಗೂ ಗಾಜು ಹಾಕಿದ ದ್ವಿಮುಖ ಫಲಕ ನೆಲದಿಂದ ಚಿಮ್ಮಿದ ಬೆಳಕನ್ನೂ ಬಳಸುತ್ತದೆ. ಈ ಗಳಿಕೆಯನ್ನು ದಕ್ಷತೆಯ ಅಂಕಿಯಲ್ಲಿ ಎಣಿಸುವುದಿಲ್ಲ.

ಉಷ್ಣತೆಯ ಪರಿಣಾಮ

ಕೋಶ ಬಿಸಿಯಾದಂತೆ ವೋಲ್ಟೇಜ್ ಕುಸಿಯುತ್ತದೆ. 25 ಡಿಗ್ರಿಯ ಆಚೆ ಪ್ರತಿ ಡಿಗ್ರಿಗೆ ಪರ್ಕ್ ಫಲಕದ ಸಾಮರ್ಥ್ಯ ಸುಮಾರು ಶೇ. 0.35, ಟಾಪ್‌ಕಾನ್‌ನದು ಶೇ. 0.30, ಎಚ್‌ಜೆಟಿಯದು ಶೇ. 0.25 ಇಳಿಯುತ್ತದೆ. ಮೂಲ ವೋಲ್ಟೇಜ್ ಹೆಚ್ಚಿದ್ದಷ್ಟೂ ಈ ಇಳಿಕೆ ಕಡಿಮೆ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಗಾಳಿಯ ಉಷ್ಣತೆ 40 ಡಿಗ್ರಿ ದಾಟಿದಾಗ ಫಲಕ 65 ಡಿಗ್ರಿಗೆ ಏರುವುದು ಸಹಜ. ಆಗ ಪರ್ಕ್ ಫಲಕ ತನ್ನ ಸಾಮರ್ಥ್ಯದ ಶೇ. 14ನ್ನು ಕಳೆದುಕೊಂಡರೆ ಎಚ್‌ಜೆಟಿ ಶೇ. 10ನ್ನು ಮಾತ್ರ ಕಳೆದುಕೊಳ್ಳುತ್ತದೆ. ಬಿಸಿ ನಾಡುಗಳಿಗೆ ಪುನರ್ಮಿಲನದ ವಿರುದ್ಧದ ಸುಧಾರಣೆಗಳು ಪರೀಕ್ಷಾ ಕೊಠಡಿಯ ಅಂಕಿ ತೋರಿಸುವುದಕ್ಕಿಂತ ಹೆಚ್ಚು ಲಾಭ ಕೊಡುತ್ತವೆ.

ಜೋಡಿ ಕೋಶಗಳು

ಶೇ. 29.4ರ ಮಿತಿ ಒಂದೇ ಸಂಧಿಗೆ ಸಂಬಂಧಿಸಿದ್ದು. ಸಿಲಿಕಾನಿನ ಮೇಲೆ ಹೆಚ್ಚು ಶಕ್ತಿ ಅಂತರದ ಇನ್ನೊಂದು ಕೋಶವನ್ನು ಕೂರಿಸಿದರೆ ಅದು ನೀಲಿ, ಹಸಿರು ಬೆಳಕನ್ನು ಹೆಚ್ಚಿನ ವೋಲ್ಟೇಜಿನಲ್ಲಿ ಬಳಸಿಕೊಂಡು ಕೆಂಪು, ಅವಕೆಂಪು ಬೆಳಕನ್ನು ಕೆಳಗಿನ ಸಿಲಿಕಾನಿಗೆ ಬಿಡುತ್ತದೆ. ಶಾಖವಾಗಿ ಹೋಗುತ್ತಿದ್ದ ಶಕ್ತಿಯ ಒಂದು ಪಾಲು ಹೀಗೆ ಉಳಿಯುತ್ತದೆ. ಇಂಥ ಜೋಡಿಯ ಸೈದ್ಧಾಂತಿಕ ಮಿತಿ ಶೇ. 40ಕ್ಕಿಂತ ಮೇಲಿದೆ. ಮೇಲಿನ ಕೋಶಕ್ಕೆ ಇಂದು ಮುಖ್ಯ ಆಯ್ಕೆ ಪೆರೊವ್‌ಸ್ಕೈಟ್ ಎಂಬ ಸ್ಫಟಿಕ ರಚನೆಯ ಸೀಸದ ಹ್ಯಾಲೈಡುಗಳು. ಅವುಗಳ ಸಂಯೋಜನೆ ಬದಲಿಸಿ ಶಕ್ತಿ ಅಂತರವನ್ನು ಬೇಕಾದ 1.7 ಎಲೆಕ್ಟ್ರಾನ್ ವೋಲ್ಟಿನ ಹತ್ತಿರಕ್ಕೆ ತರಬಹುದು. 2009ರಲ್ಲಿ ಜಪಾನಿನ ಮಿಯಾಸಕ ತಂಡ ಮೊದಲು ತೋರಿಸಿದ ಪೆರೊವ್‌ಸ್ಕೈಟ್ ಕೋಶದ ದಕ್ಷತೆ ಶೇ. 3.8. ಪೆರೊವ್‌ಸ್ಕೈಟ್–ಸಿಲಿಕಾನ್ ಜೋಡಿ 2024ರಲ್ಲಿ ಲಾಂಗಿಯ ಸಣ್ಣ ಕೋಶದಲ್ಲಿ ಶೇ. 34.6 ಮುಟ್ಟಿತು. ಅದೇ ವರ್ಷ ಬ್ರಿಟನ್ ಮೂಲದ ಆಕ್ಸ್‌ಫರ್ಡ್ ಪಿವಿ ಕಂಪನಿ ಇಂಥ ಫಲಕಗಳ ಮೊದಲ ವಾಣಿಜ್ಯ ರವಾನೆ ಮಾಡಿತು.

ತೇವ, ಬಿಸಿ, ಬೆಳಕು ಮೂರೂ ಪೆರೊವ್‌ಸ್ಕೈಟನ್ನು ಕೆಡಿಸುತ್ತವೆ. ಸಿಲಿಕಾನ್ ಫಲಕಗಳಿಗೆ 25ರಿಂದ 30 ವರ್ಷಗಳ ಖಾತರಿ ಕೊಡುವ ಮಾರುಕಟ್ಟೆಯಲ್ಲಿ ಬಾಳಿಕೆ ಸಾಬೀತಾಗದ ದಕ್ಷತೆಗೆ ಬೆಲೆ ಕಡಿಮೆ. ಸೀಸದ ವಿಲೇವಾರಿಯೂ ಬಗೆಹರಿಯಬೇಕಾದ ವಿಷಯ.

ಭಾರತದಲ್ಲಿ ಸದ್ಯದ ಸ್ಥಿತಿ

ಭಾರತದಲ್ಲಿ ಸಿಲಿಕಾನ್ ಕೋಶದ ತಯಾರಿಕೆ 1970ರ ದಶಕದಲ್ಲಿ ಸಾಹಿಬಾಬಾದಿನ ಸೆಂಟ್ರಲ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯಿಂದ ಆರಂಭವಾಯಿತು. ಬೆಂಗಳೂರಿನ ಬಿಎಚ್‌ಇಎಲ್ ಎಲೆಕ್ಟ್ರಾನಿಕ್ಸ್ ವಿಭಾಗ ಮತ್ತು 1989ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾಗಿ ಮುಂದೆ ಟಾಟಾ ಪವರ್ ಸೋಲಾರ್ ಎನಿಸಿದ ಟಾಟಾ ಬಿಪಿ ಸೋಲಾರ್ ಈ ಕ್ಷೇತ್ರದ ಹಳೆಯ ತಯಾರಕರು. ಸಂಶೋಧನೆಗಾಗಿ 2010ರಲ್ಲಿ ಬಾಂಬೆ ಐಐಟಿಯಲ್ಲಿ ರಾಷ್ಟ್ರೀಯ ಕೇಂದ್ರವೊಂದು ಆರಂಭವಾಯಿತು. ಕೋಶ, ಫಲಕಗಳ ಹೊಸ ಕಾರ್ಖಾನೆಗಳು ಹೆಚ್ಚಾಗಿ ಟಾಪ್‌ಕಾನ್ ವಿಧಾನವನ್ನು ಆರಿಸಿಕೊಂಡಿವೆ. ಪಾಲಿಸಿಲಿಕಾನ್ ಮತ್ತು ಬಿಲ್ಲೆಗಳಿಗಾಗಿ ಮಾತ್ರ ದೇಶ ಬಹುಮಟ್ಟಿಗೆ ಆಮದನ್ನೇ ನೆಚ್ಚಿದೆ, ಮುಖ್ಯವಾಗಿ ಚೀನಾದಿಂದ.

ತುಮಕೂರು ಜಿಲ್ಲೆಯ ಪಾವಗಡದ ಸೌರ ಉದ್ಯಾನ 2050 ಮೆಗಾವ್ಯಾಟ್ ಸಾಮರ್ಥ್ಯಕ್ಕಾಗಿ ಸುಮಾರು 13,000 ಎಕರೆಯನ್ನು ರೈತರಿಂದ ಗುತ್ತಿಗೆಗೆ ಪಡೆದಿದೆ. ಅದು ರೂಪುಗೊಂಡ ಕಾಲಕ್ಕೆ ಮಾರುಕಟ್ಟೆಯಲ್ಲಿದ್ದ ಬಹುಸ್ಫಟಿಕ ಫಲಕಗಳ ದಕ್ಷತೆ ಶೇ. 16–17. ಈಗ ಸಾಮಾನ್ಯವಾಗಿರುವ ಶೇ. 22ರ ಫಲಕಗಳಿಂದ ಅಷ್ಟೇ ಸಾಮರ್ಥ್ಯಕ್ಕೆ ಬೇಕಾಗುವ ಫಲಕದ ವಿಸ್ತೀರ್ಣ ಕಾಲುಭಾಗದಷ್ಟು ಕಡಿಮೆ. ಕೇಂದ್ರದ ನವೀನ ಮತ್ತು ನವೀಕರಿಸಬಹುದಾದ ಇಂಧನ ಸಚಿವಾಲಯ 2023ರಲ್ಲಿ ತನ್ನ ಅನುಮೋದಿತ ತಯಾರಕರ ಪಟ್ಟಿಗೆ ಸೇರುವ ಫಲಕಗಳಿಗೆ ಕನಿಷ್ಠ ದಕ್ಷತೆಯನ್ನು ನಿಗದಿಪಡಿಸಿತು. ದೊಡ್ಡ ಸ್ಥಾವರಗಳಲ್ಲಿ ಬಳಸುವ ಸಿಲಿಕಾನ್ ಫಲಕಕ್ಕೆ ಆಗ ಅದು ಶೇ. 20 ಆಗಿತ್ತು.